ಶಿವಶರಣರ ನಾಡಿನಲ್ಲಿ ಜಲಸೇವೆಯ ಚರಿತ್ರೆ

ಸೊನ್ನಲಿಗೆಯ ಸಿದ್ಧರಾಮೇಶ್ವರನ ಹೆಸರು ಕನ್ನಡ ನಾಡಿನ ಭಕ್ತಜನರಿಗೆ ಸುವಿದಿತವಾದುದು. ಹನ್ನೆರಡನೆಯ ಶತಮಾನದಲ್ಲಿ ಮುದ್ದುಗೌಡ ಸುಗ್ಗವ್ವೆಯರ ಮಗನಾಗಿ ಜನಿಸಿ, ಬಾಲ್ಯದಲ್ಲಿ ಹೊಲ ಕಾಯುತ್ತಿದ್ದಾಗ ಮಲ್ಲಯ್ಯನ ದರ್ಶನವನ್ನು ಪಡೆದು, ಆತನನ್ನು ಅರಸುತ್ತ ಶ್ರೀಶೈಲಕ್ಕೆ ಹೋಗಿ, ಅಲ್ಲಿಂದ ಮರಳಿ ಬಂದು ತನ್ನ ಊರನ್ನೇ ಮತ್ತೊಂದು ಶ್ರೀಶೈಲವನ್ನಾಗಿ ಮಾಡಲು ಸಂಕಲ್ಪಿಸಿದ ಈ ಮಹಾಪುರುಷನ ಚರಿತ್ರೆಯನ್ನು ರಾಘವಾಂಕ ಕವಿಯು ‘ಸಿದ್ಧರಾಮ ಚಾರಿತ್ರ’ದಲ್ಲಿ ವಿಸ್ತಾರವಾಗಿ ವರ್ಣಿಸಿರುವನು. ಸೊನ್ನಲಿಗೆಯೆಂದರೆ ಈಗ ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರವು. ಅದು ಮಳೆ ಕಡಮೆಯಾದ, ಬೇಸಗೆಯ ಬಿಸಿಲು ಪ್ರಖರವಾದ ಬಯಲು ಪ್ರದೇಶ. ಅಂಥ ನೆಲದಲ್ಲಿ ಶಿವಾಲಯಗಳನ್ನು ಕಟ್ಟಿಸಿದುದಕ್ಕಿಂತ ಹೆಚ್ಚಾಗಿ ಕೆರೆಯನ್ನು ಕಟ್ಟಿಸಿದುದೇ ಆತನ ಹೆಸರನ್ನು ಜನರ ಬಾಯಲ್ಲಿ ಉಳಿಸಿತು. ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯು ಆ ಕೆರೆಯ ನೀರಿನ ನಡುವೆಯೇ ನಿಂತಿದೆ. ಮಕರ ಸಂಕ್ರಾಂತಿಯ ಕಾಲದಲ್ಲಿ ನಂದಿಧ್ವಜಗಳನ್ನು ಹೊತ್ತು ಸಾವಿರಾರು ಭಕ್ತರು ಅಲ್ಲಿ ಕೂಡುವರು.

ಈ ಕೆರೆಯ ಕೆಲಸದ ಕಾಲದಲ್ಲಿಯೇ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಿಜಯಂಗೈದರೆಂದೂ, ಸಿದ್ಧರಾಮನನ್ನು ‘ಒಡ್ಡರಾಮ’ನೆಂದು ಕರೆದರೆಂದೂ, ಅದನ್ನು ಕೇಳಿ ಕೋಪಗೊಂಡ ಮಣ್ಣುಕೆಲಸದ ಒಡ್ಡರು ಪ್ರಭುದೇವರ ಮೇಲೆ ಕಲ್ಲುಗಳನ್ನು ಎಸೆದರೆಂದೂ ಶೂನ್ಯಸಂಪಾದನೆಯು ಹೇಳುವುದು. ಅನಂತರ ನಡೆದ ಸಂವಾದದಲ್ಲಿ ಸಿದ್ಧರಾಮನ ಅಂತರಂಗದ ಕಣ್ಣು ತೆರೆಯಿತು. ಆತನು ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದನು. ಮುಂದೆ ಪ್ರಭುದೇವ, ಚೆನ್ನಬಸವಣ್ಣ ಇವರ ತರುವಾಯ ಶೂನ್ಯಸಿಂಹಾಸನದ ಮೂರನೆಯ ಅಧಿಪತಿಯಾದನು. ಈ ಪ್ರಸಂಗವನ್ನು ಓದಿದವರಲ್ಲಿ ಕೆಲವರು, ಕೆರೆ ಕಟ್ಟಿಸುವುದನ್ನೇ ಪ್ರಭುದೇವರು ಹೀನವೆಂದು ಕಂಡರೆಂದು ಅರ್ಥಮಾಡುವುದುಂಟು. ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ. ಪ್ರಭುದೇವರ ಮಾತಿನ ಪೆಟ್ಟು ಬಿದ್ದುದು ಕಟ್ಟಿಸಿದೆನೆಂಬ ಅಭಿಮಾನದ ಮೇಲೆ. ಕೆರೆಯಂತೂ ಆ ಸಂವಾದದ ಮೇಲೆಯೂ ಒಡೆಯದೆ ಉಳಿಯಿತು, ಅಭಿಮಾನವು ಮಾತ್ರ ಒಡೆಯಿತು. ಕನ್ನಡ ನಾಡಿನ ಕೆರೆಗಳ ಮುಂದಿನ ಎಂಟು ಶತಮಾನಗಳ ಚರಿತ್ರೆಯನ್ನು ನೋಡಿದರೆ ಪ್ರಭುದೇವರ ಈ ವಿವೇಚನೆಯು ಎಷ್ಟು ವ್ಯಾವಹಾರಿಕವಾದುದೆಂಬುದು ತಿಳಿಯುವುದು. ಕಟ್ಟಿಸಿದವನ ಕೀರ್ತಿಗಾಗಿ ಮಾತ್ರ ಇದ್ದ ಕೆರೆಯು ಅವನೊಡನೆಯೇ ಹಾಳಾಯಿತು. ನಿತ್ಯವೂ ಕಾಯುವವರಿದ್ದ ಕೆರೆಯು ಉಳಿಯಿತು. ಪ್ರಭುದೇವರು ಬೈಗುಳವಾಗಿ ಆಡಿದ ಹೆಸರೂ ವ್ಯರ್ಥವಾಗಲಿಲ್ಲ. ಮಣ್ಣು ಕಲ್ಲುಗಳ ಕೆಲಸವನ್ನು ಕುಲಕಸುಬಾಗಿ ನಡೆಸಿಕೊಂಡು ಬಂದ ಭೋವಿ ಸಮಾಜದವರು ಇಂದಿಗೂ ಸಿದ್ಧರಾಮೇಶ್ವರನನ್ನು ತಮ್ಮ ಕುಲಗುರುವೆಂದು ಆರಾಧಿಸುತ್ತಿರುವರು.

ಕೆರೆಯನ್ನು ಕಟ್ಟುವುದೆಂದರೆ ತಗ್ಗನ್ನು ಅಗೆಯುವುದೆಂದು ಪಟ್ಟಣವಾಸಿಗಳು ಭಾವಿಸುವುದುಂಟು. ಹಾಗಲ್ಲ. ನೀರು ಹರಿದು ಬರುವ ಜಾಡನ್ನು ಕಂಡುಹಿಡಿದು, ಎರಡು ದಿಬ್ಬಗಳ ನಡುವೆ ಏರಿಯನ್ನು ಹಾಕಿ, ಏರಿಯ ಒಳಮೈಗೆ ಕಲ್ಲು ಕಟ್ಟಿ, ಬೇಕಾದಾಗ ನೀರು ಬಿಡಲು ತೂಬನ್ನೂ, ಮಿತಿಮೀರಿದ ನೀರು ಏರಿಯನ್ನು ಮುರಿಯದೆ ಹೊರಗೆ ಹೋಗಲು ಕೋಡಿಯನ್ನೂ ಇಟ್ಟು, ಕೆಳಗಿನ ಅಚ್ಚುಕಟ್ಟಿಗೆ ಕಾಲುವೆಗಳನ್ನು ತೆಗೆಯಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಉಳಿದುವೆಲ್ಲ ಕೆಟ್ಟಂತೆಯೇ. ಒಂದು ಕೆರೆಯ ಕೋಡಿಯ ನೀರು ಮುಂದಿನ ಊರಿನ ಕೆರೆಗೆ ಸೇರುವಂತೆ ಸರಪಣಿಯಾಗಿ ಕೆರೆಗಳನ್ನು ಕಟ್ಟಿದುದು ದಕ್ಷಿಣ ಕರ್ನಾಟಕದ ವಿಶೇಷವು. ಅಂಥಲ್ಲಿ ಮೇಲಿನ ಊರಿನವರ ಅಲಕ್ಷ್ಯದಿಂದ ಒಂದು ಏರಿಯು ಒಡೆದರೆ ಆ ಪ್ರವಾಹದ ಭಾರಕ್ಕೆ ಕೆಳಗಿನ ಊರುಗಳ ಏರಿಗಳೂ ಸಾಲಾಗಿ ಒಡೆಯುವುವು. ಆದುದರಿಂದ ಕೆರೆಯ ವಿಷಯದಲ್ಲಿ ನೆರೆಯೂರಿನ ಪಾಪಪುಣ್ಯಗಳಿಗೂ ಪಾಲುಗಾರರಾಗದೆ ಯಾವ ಊರಿಗೂ ನಿರ್ವಾಹವಿರಲಿಲ್ಲ.

ಈ ಶಾಸ್ತ್ರವು ಎಷ್ಟು ಪಕ್ವವಾಗಿದ್ದಿತೆಂಬುದಕ್ಕೆ ವಿಜಯನಗರದ ಕಾಲದ ಒಂದು ಶಾಸನವು ಸಾಕ್ಷಿಯಾಗಿದೆ. ಮೊದಲನೆಯ ಬುಕ್ಕರಾಯನ ಮಗನೂ ಉದಯಗಿರಿಯ ಅಧಿಪತಿಯೂ ಆಗಿದ್ದ ಭಾಸ್ಕರನು ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕ್ರಿ. ಶ. ೧೩೬೯ರಲ್ಲಿ ಹಾಕಿಸಿದ ಈ ಸಂಸ್ಕೃತ ಶಾಸನದಲ್ಲಿ ಉತ್ತಮವಾದ ಕೆರೆಗೆ ಬೇಕಾದ ಹನ್ನೆರಡು ಸಾಧನಗಳೂ, ಕೆರೆಗೆ ತಗಲಬಹುದಾದ ಆರು ದೋಷಗಳೂ ಹೇಳಲ್ಪಟ್ಟಿವೆ. ನೀರಿನ ಶಾಸ್ತ್ರವನ್ನು ಬಲ್ಲವನು ಇರಬೇಕು, ನೆಲವು ಗಟ್ಟಿಯಾಗಿರಬೇಕು, ಸಿಹಿನೀರಿನ ಹೊಳೆಯು ದೂರದಿಂದ ಬರುತ್ತಿರಬೇಕು, ಏರಿಗೆ ಬೆಟ್ಟದ ಆಸರೆಯಿರಬೇಕು, ಒಡಲು ಆಳವೂ ವಿಶಾಲವೂ ಆಗಿರಬೇಕು, ನೀಳವಾದ ಕಲ್ಲುಗಳು ಸಮೀಪದಲ್ಲಿಯೇ ದೊರೆಯಬೇಕು, ನುರಿತ ಕೆಲಸಗಾರರಿರಬೇಕು ಎಂಬಿವೇ ಮೊದಲಾದುವು ಸಾಧನಗಳು. ದೋಷಗಳ ಪಟ್ಟಿಯು ಇನ್ನೂ ರಸವತ್ತಾದುದು: ಏರಿಯಿಂದ ನೀರು ಒಸರುವುದು, ಸವುಳು ನೆಲ, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ದಿಣ್ಣೆ, ನೀರು ಸ್ವಲ್ಪವಾಗಿದ್ದು ನೆಲವು ಬಹಳವಾಗಿರುವುದು, ನೆಲವು ಸ್ವಲ್ಪವಾಗಿದ್ದು ನೀರು ಬಹಳವಾಗಿರುವುದು, ಇವೆಲ್ಲಕ್ಕಿಂತ ವಿಚಿತ್ರವಾದುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು. ಗಡಿಯ ನೀರಿನ ಜಗಳವು ಎಷ್ಟು ಹಳೆಯದೆಂಬುದನ್ನು ಇದರಿಂದ ಊಹಿಸಬಹುದು. ಪ್ರತಿದಿನವೂ ಸಾವಿರ ಮಂದಿ ಕೂಲಿಗಳೂ, ಕಲ್ಲು ಹೇರಲು ನೂರು ಬಂಡಿಗಳೂ ಕೆಲಸಮಾಡಿ ಎರಡು ವರ್ಷಗಳಲ್ಲಿ ಆ ಕೆರೆಯನ್ನು ಮುಗಿಸಿದರೆಂದು ಅದೇ ಶಾಸನವು ತಿಳಿಸುವುದು.

ಬೆಟ್ಟದ ಆಸರೆಯೆಂದರೇನೆಂಬುದನ್ನು ಕಣ್ಣಾರೆ ಕಾಣಬೇಕಾದರೆ ಚನ್ನಗಿರಿಯ ಸಮೀಪದ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ ಹೋಗಬೇಕು. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಸಾವಿರ ಅಡಿಗಿಂತಲೂ ಕಡಮೆ ಉದ್ದದ ಏರಿಯೊಂದನ್ನು ಹಾಕಿ, ಅದರ ಹಿಂದೆ ಸಮುದ್ರದಂತಹ ಜಲರಾಶಿಯನ್ನು ನಿಲ್ಲಿಸಿದ ಬುದ್ಧಿಯು ಸಾಮಾನ್ಯವಾದುದಲ್ಲ. ಶಾಂತವ್ವೆಯೆಂಬ ಹೆಣ್ಣುಮಗಳು ಅದನ್ನು ಕಟ್ಟಿಸಿದಳೆಂದು ಜನರ ಐತಿಹ್ಯವು. ಇದಕ್ಕೆ ವ್ಯತಿರಿಕ್ತವಾದ ಕಥೆಯು ಕನ್ನಡಿಗರೆಲ್ಲರೂ ಬಲ್ಲ ‘ಕೆರೆಗೆ ಹಾರ’ವೆಂಬ ಜನಪದ ಹಾಡಿನದು. ಕಲ್ಲನಕೇರಿಯ ಮಲ್ಲನಗೌಡನು ಕೆರೆಯನ್ನು ತೋಡಿಸಿದರೂ ತೊಟ್ಟು ನೀರು ಬೀಳಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ಮೇಲೆ ಕೆರೆಯು ತುಂಬಿತೆಂದು ಆ ಹಾಡು ಕಣ್ಣೀರು ತರಿಸುವುದು. ಅದರ ಕಾವ್ಯಗುಣವನ್ನು ಎಷ್ಟು ಕೊಂಡಾಡಿದರೂ ಸಲ್ಲುವುದು. ಆದರೆ ನೀರು ಬರುವ ಜಾಡನ್ನು ನೋಡದೆ ತೋಡಿದ ಕೆರೆಯ ದೋಷವನ್ನು ಮನೆಯ ಸೊಸೆಯ ತಲೆಗೆ ಕಟ್ಟಿದ ಆ ಊರಿನ ಹಿರಿಯರಿಗೆ ಪೋರುಮಾಮಿಳ್ಳದ ಶಾಸನವನ್ನು ಓದಿ ಹೇಳುವವರು ಯಾರೂ ಇರಲಿಲ್ಲವೆಂದು ವ್ಯಸನವಾಗುವುದು.

ಹೊಳೆಯೂ ಇಲ್ಲದ, ಬಯಲೂ ಇಲ್ಲದ ಬಂಡೆಯ ಮೇಲೆಯೇ ನೀರನ್ನು ಕೂಡಿಸಿದ ದೃಷ್ಟಾಂತವು ಚಿತ್ರದುರ್ಗದ ಕೋಟೆಯದು. ಮುರುಘಾಮಠದ ಹಳೆಯ ನೆಲೆಯೂ ಈ ಕೋಟೆಯೊಳಗೇ ಇರುವುದರಿಂದ ಭಕ್ತರಿಗೆ ಇದು ಪರಿಚಿತವಾದ ಸ್ಥಳವು. ಗೋಪಾಲಸ್ವಾಮಿ ಹೊಂಡವು ತುಂಬಿದ ಮೇಲೆ ಅದರ ನೀರು ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕೊನೆಗೆ ಊರಿನ ಸಂತೆಹೊಂಡಕ್ಕೂ ಇಳಿದುಬರುವಂತೆ ಮಾಡಿದ ಏರ್ಪಾಡನ್ನು ಕಂಡರೆ, ಬಂಡೆಯ ಮೇಲೆ ಬಿದ್ದ ಮಳೆಯ ಹನಿಯನ್ನೂ ಲೆಕ್ಕಕ್ಕೆ ಹಿಡಿದವರ ಕೆಲಸವಿದೆಂದು ಹೇಳದೆ ಇರಲಾಗದು. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳ ಮನೆಗಳವರು ಛಾವಣಿಯ ಮಳೆನೀರನ್ನು ಹಿಡಿದಿಡಲೇಬೇಕೆಂದು ೨೦೦೯ರಲ್ಲಿ ಸರ್ಕಾರವು ಶಾಸನವನ್ನು ಮಾಡಬೇಕಾಯಿತು. ದುರ್ಗದ ನಾಯಕರ ಕಾಲಕ್ಕೆ ಅಂಥ ಶಾಸನದ ಅಗತ್ಯವಿರಲಿಲ್ಲ, ದಾಹವೇ ಶಾಸನವಾಗಿದ್ದಿತು.

ಕಟ್ಟುವ ಚರಿತ್ರೆಯು ಹೀಗೆ ವೈಭವಯುಕ್ತವಾದುದು. ಕಾಯುವ ಚರಿತ್ರೆಯಲ್ಲಿ ಹೆಸರುಗಳು ಕಡಮೆ. ಆದರೂ ನಾಡಿನ ಶಾಸನಗಳನ್ನು ಎಚ್ಚರದಿಂದ ಓದಿದರೆ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆ ಎಂಬ ಮಾತುಗಳು ಪದೇಪದೇ ಕಾಣಬರುವುವು. ಇವೆಲ್ಲ ಕೆರೆಯನ್ನು ಕಟ್ಟಿದವರಿಗೂ ಕಾಯುವವರಿಗೂ ಬಿಟ್ಟ ಭೂಮಿ ಅಥವಾ ಬೆಳೆಯ ಪಾಲು. ಕೆರೆಯ ಹೂಳನ್ನು ವರ್ಷವೆಲ್ಲ ಹೊರುವ ಬಂಡಿಗೂ, ಬಂಡಿಯ ಕೋಣಗಳಿಗೂ, ಅದನ್ನು ಹೊಡೆಯುವ ಆಳಿಗೂ ಭೂಮಿಯನ್ನು ಬಿಟ್ಟ ಉದಾಹರಣೆಗಳಿವೆ. ಮಳೆಯ ನೀರಿನೊಡನೆ ಮಣ್ಣೂ ಬಂದು ಸೇರುವುದು ಅನಿವಾರ್ಯವು. ತೆಗೆಯದೆ ಬಿಟ್ಟರೆ ಕೆಲವು ತಲೆಮಾರುಗಳಲ್ಲಿ ಕೆರೆಯು ಗದ್ದೆಯಾಗುವುದು. ತೆಗೆದ ಹೂಳಾದರೋ ಹೊಲಕ್ಕೆ ಉತ್ತಮವಾದ ಗೊಬ್ಬರ. ಬೇಸಗೆಯಲ್ಲಿ ಕೆರೆಯು ಬತ್ತಿದಾಗ ಊರಿನವರೆಲ್ಲರೂ ಬಂಡಿ ಕಟ್ಟಿಕೊಂಡು ಹೋಗಿ ಹೂಳನ್ನು ತಂದು ತಮ್ಮ ತಮ್ಮ ಹೊಲಗಳಿಗೆ ಹರಡುತ್ತಿದ್ದುದರಿಂದ ಕೆರೆಯೂ ಆಳವಾಯಿತು, ಹೊಲವೂ ಪುಷ್ಟವಾಯಿತು. ತೂಬನ್ನು ಎತ್ತಿ ಇಳಿಸುವ ನೀರುಗಂಟಿಯು ಊರಿನ ಆಯಗಾರರಲ್ಲಿ ಒಬ್ಬನಾಗಿದ್ದನು. ಯಾರ ಗದ್ದೆಗೆ ಯಾವಾಗ ಎಷ್ಟು ನೀರೆಂಬುದನ್ನು ಅವನು ನಿರ್ಣಯಿಸುತ್ತಿದ್ದನು. ಗೌಡನಾದರೂ ಅವನ ಕೈಯ ನೀರಿಗಾಗಿ ಕಾಯಬೇಕಾಗಿದ್ದಿತು.

ಮೈಸೂರು ಸೀಮೆಯ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಎಂಬ ಆಂಗ್ಲ ಅಧಿಕಾರಿಯು ೧೮೬೬ರಲ್ಲಿ ಈ ಕೆರೆಗಳನ್ನು ಪರಿಶೀಲಿಸಿ, ೨೭,೨೬೯ ಚದರ ಮೈಲಿಗಳ ಆ ಸಂಸ್ಥಾನದಲ್ಲಿ ಸೇಕಡಾ ೬೦ರಷ್ಟು ಪ್ರದೇಶವು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂದೂ, ಹೊಸದಾಗಿ ಒಂದು ಕೆರೆಗೆ ಸ್ಥಳವನ್ನು ಹುಡುಕುವುದೇ ಜಾಣತನದ ಕೆಲಸವೆಂದೂ ಅಭಿಪ್ರಾಯಪಟ್ಟನು. ಬೆಂಗಳೂರಿನಲ್ಲಿ ಇಂದಿಗೂ ಅವನ ಹೆಸರಿನ ಕೆರೆಯಿರುವುದು. ಆದರೆ ಅವನು ಆಶ್ಚರ್ಯಪಟ್ಟ ಆ ಏರ್ಪಾಡು ಅಷ್ಟರಲ್ಲಿಯೇ ಸಡಿಲವಾಗುತ್ತಿದ್ದಿತು. ಕಂದಾಯವೆಲ್ಲವೂ ಬೊಕ್ಕಸಕ್ಕೆ ಹೋಗುವ ಹೊಸ ಆಡಳಿತದಲ್ಲಿ ಕೆರೆಯ ಬಂಡಿಗೆ ಬಿಟ್ಟ ಭೂಮಿಗಳಿಗೆ ಹಿಂದಿನ ಮರ್ಯಾದೆ ಉಳಿಯಲಿಲ್ಲ. ಕೆರೆಯು ಸರ್ಕಾರದ್ದೆಂದು ರೈತನೂ, ಹೂಳು ತೆಗೆಯುವುದು ರೈತನ ಮಾಮೂಲು ಕೆಲಸವೆಂದು ಸರ್ಕಾರವೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದ ಕಾಲದಲ್ಲಿಯೇ ಧಾತು ಈಶ್ವರ ಸಂವತ್ಸರಗಳ ಘೋರವಾದ ಬರವು ಬಂದಿತು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಮಳೆಯೇ ಬಾರದೆ ಹೋದ ಆ ವರ್ಷಗಳಲ್ಲಿ ಎಂಥ ಕೆರೆಯಾದರೂ ಎಷ್ಟು ರಕ್ಷಿಸುತ್ತಿದ್ದಿತೆಂಬುದು ಬೇರೆ ಪ್ರಶ್ನೆ. ಆದರೆ ಹೂಳು ತುಂಬಿದ ಕೆರೆಯು ಬರದ ಮೊದಲನೆಯ ವರ್ಷವನ್ನೂ ದಾಟಿಸಲಾರದೆಂಬುದು ನಿರ್ವಿವಾದವು.

ಪಟ್ಟಣಗಳಲ್ಲಿ ನಡೆದುದು ಇನ್ನೊಂದು ಬಗೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ ಕೊಳವೆಗಳ ಮೂಲಕ ಬೆಂಗಳೂರಿಗೆ ತರುವ ಕಾರ್ಯವು ೧೮೯೬ರಲ್ಲಿ ಕೈಗೂಡಿತು. ಅದು ಜನೋಪಕಾರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯ ಬಾಗಿಲಿಗೆ ನಲ್ಲಿಯು ಬಂದ ದಿನವೇ ಊರಿನ ಕೆರೆಯು ಅನಾಥವಾಯಿತು. ತಲೆಮಾರುಗಳ ಕಾಲ ಪೇಟೆಗೆ ನೀರು ಕೊಟ್ಟ ಧರ್ಮಾಂಬುಧಿ ಕೆರೆಯ ಒಡಲಿನಲ್ಲಿ ಈಗ ಬಸ್ಸುಗಳ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಆಟದ ಮೈದಾನವಿದೆ. ಮುಂದೆ ಹೆಸರಘಟ್ಟವೂ ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವನ್ನೂ, ಅದೂ ಸಾಲದೆ ಬಹುದೂರದ ಕಾವೇರಿಯನ್ನೂ ಪಟ್ಟಣವು ಆಶ್ರಯಿಸಬೇಕಾಯಿತು. ೨೦೨೪ರ ಬೇಸಗೆಯಲ್ಲಿ ಅದೇ ಪಟ್ಟಣದ ಅನೇಕ ಬಡಾವಣೆಗಳ ಜನರು ಬಂಡಿಯ ನೀರಿಗಾಗಿ ಕೊಡಗಳನ್ನಿಟ್ಟುಕೊಂಡು ಕಾದುದು ಎಲ್ಲರ ನೆನಪಿನಲ್ಲಿಯೂ ಇರುವ ಸಂಗತಿ.

ನೀರು ಇದ್ದರೆ ಮಾತ್ರ ಸಾಲದು, ಅದು ಕುಡಿಯಲು ಯೋಗ್ಯವಾಗಿಯೂ ಇರಬೇಕು. ಈ ವಿಷಯದಲ್ಲಿ ಶರಣಪರಂಪರೆಯು ಉಳಿಸಿಕೊಂಡು ಬಂದ ಒಂದು ಆಚಾರವು ವಿಶೇಷವಾಗಿ ಸ್ಮರಣೀಯವಾದುದು. ಲಿಂಗದ ಮಜ್ಜನಕ್ಕೆ ತರುವ ನೀರಿಗೆ ಅಗ್ಘವಣಿಯೆಂದು ಹೆಸರು. ಅದನ್ನು ಬಟ್ಟೆಯಿಂದ ಶೋಧಿಸಿಯೇ ತರತಕ್ಕದ್ದು. ಶೋಧಿಸದ ನೀರು ಲಿಂಗಕ್ಕೆ ಸಲ್ಲದು. ಹುಲಿಗೆರೆಯ ಅಗ್ಘವಣಿ ಹೊನ್ನಯ್ಯನೆಂಬ ಶರಣನು ಸೋಮೇಶ್ವರನ ಅಭಿಷೇಕಕ್ಕೆ ನೀರು ತರುವುದನ್ನೇ ಕಾಯಕವಾಗಿ ಕೈಕೊಂಡು, ಆ ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾದನು. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳಿಗೆ ಹಿಂಸೆಯಾಗಬಾರದು, ಲಿಂಗಕ್ಕೆ ಅಶುದ್ಧವು ಸೋಂಕಬಾರದು ಎಂಬುದು ಈ ನಿಯಮದ ಉದ್ದೇಶವಾಗಿದ್ದಿತು. ಕಾಲಕ್ರಮದಲ್ಲಿ ಒಂದು ವಿಪರ್ಯಾಸವು ಉಂಟಾಯಿತು. ಎಷ್ಟೋ ಮನೆಗಳಲ್ಲಿ ಪೂಜೆಯ ತಂಬಿಗೆಯ ನೀರು ಮಾತ್ರ ಶೋಧಿಸಲ್ಪಟ್ಟಿತು. ಮಕ್ಕಳು ಕುಡಿಯುವ ಕೊಡದ ನೀರು ಹಾಗೆಯೇ ಉಳಿಯಿತು. ದೇಹವೇ ದೇಗುಲವೆಂದು ಸಾರಿದ ಧರ್ಮದಲ್ಲಿ ಈ ಭೇದವು ಹೇಗೆ ಸಲ್ಲುವುದೆಂದು ಕೇಳಿದವರು ಕಡಮೆ.

ಇದರ ಫಲವನ್ನು ಕಲಬುರಗಿ, ರಾಯಚೂರು, ವಿಜಾಪುರ ಮೊದಲಾದ ಸೀಮೆಗಳ ಜನರು ನಾರುಹುಣ್ಣಿನ ರೂಪದಲ್ಲಿ ಬಹುಕಾಲ ಉಂಡರು. ಈಗಿನ ತರುಣರು ಈ ರೋಗವನ್ನು ಕಂಡರಿಯರು. ಐವತ್ತು ಅರುವತ್ತು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದನ್ನು ಅರಿಯದವರಿರಲಿಲ್ಲ. ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಸಾಸಿವೆಗಿಂತಲೂ ಸಣ್ಣದಾದ ಒಂದು ಹುಳುವಿದೆ. ನಾರುಹುಳುವಿನ ಮರಿಗಳು ಅದರ ಒಡಲನ್ನು ಸೇರಿರುವುವು. ಆ ನೀರನ್ನು ಕುಡಿದವನಿಗೆ ಕೂಡಲೆ ಏನೂ ತೋರದು. ಸುಮಾರು ಒಂದು ವರ್ಷದ ಮೇಲೆ, ಎರಡು ಮೂರು ಅಡಿ ಉದ್ದಕ್ಕೆ ಬೆಳೆದ ಹೆಣ್ಣು ಹುಳುವು ಸಾಮಾನ್ಯವಾಗಿ ಕಾಲಿನ ಚರ್ಮದಲ್ಲಿ ಬೊಕ್ಕೆಯೆಬ್ಬಿಸಿ, ಬೆಂಕಿಯಂಥ ಉರಿಯೊಡನೆ ನಾರಿನ ಎಳೆಯಂತೆ ಹೊರಗೆ ಬರುವುದು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯುವುದರ ಹೊರತು ಬೇರೆ ಚಿಕಿತ್ಸೆಯಿರಲಿಲ್ಲ. ನಡುವೆ ಹರಿದರೆ ಹುಣ್ಣು ಕೀತು ತಿಂಗಳುಗಟ್ಟಲೆ ಹಾಸಿಗೆಯೇ ಗತಿ. ಬಿತ್ತನೆಯ ಕಾಲಕ್ಕೆ ಮನೆಯ ಯಜಮಾನನು ಹೀಗೆ ಮಲಗಿದರೆ ಆ ವರ್ಷದ ಬೆಳೆಯೂ ಮಲಗಿದಂತೆಯೇ. ಕಾಲಿನ ಉರಿಯನ್ನು ತಾಳಲಾರದೆ ರೋಗಿಯು ಪಾವಟಿಗೆಗಳುಳ್ಳ ಬಾವಿಗೆ ಇಳಿದು ಕಾಲನ್ನು ತಣ್ಣೀರಿನಲ್ಲಿ ಇಡುವನು. ಆ ಕ್ಷಣದಲ್ಲಿಯೇ ಹುಳುವು ಸಾವಿರಾರು ಮರಿಗಳನ್ನು ನೀರಿಗೆ ಬಿಡುವುದು. ಅದೇ ಬಾವಿಯಿಂದ ಊರಿನ ಹೆಂಗಸರು ಕೊಡ ತುಂಬುವರು. ಪುಣ್ಯಕ್ಕೆಂದು ಹಿರಿಯರು ಕಟ್ಟಿಸಿದ ಚೆಲುವಾದ ಪಾವಟಿಗೆಗಳೇ ರೋಗಕ್ಕೆ ನಿಚ್ಚಣಿಕೆಗಳಾದುವು. ಕಟ್ಟಿಸಿದವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ನೀರನ್ನು ಮುಟ್ಟದೆ ಮೇಲಿನಿಂದ ಸೇದಬೇಕೆಂಬ ತಿಳಿವಳಿಕೆಯು ಮಾತ್ರ ಅವರಿಗೆ ದೊರೆತಿರಲಿಲ್ಲ.

ಭಾರತ ಸರ್ಕಾರವು ಈ ರೋಗವನ್ನು ನಿರ್ಮೂಲ ಮಾಡುವ ಕಾರ್ಯವನ್ನು ೧೯೮೩ರ ಸುಮಾರಿಗೆ ಕೈಕೊಂಡಿತು. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು ೪೦,೦೦೦ ಮಂದಿ ಈ ರೋಗಕ್ಕೆ ತುತ್ತಾಗುತ್ತಿದ್ದರು. ದೇವಿಯ ರೋಗಕ್ಕಿದ್ದಂತೆ ಇದಕ್ಕೆ ಚುಚ್ಚುಮದ್ದಿರಲಿಲ್ಲ, ಗುಳಿಗೆಯೂ ಇರಲಿಲ್ಲ. ಇದ್ದುದು ಮೂರು ನಾಲ್ಕು ಸಾಮಾನ್ಯವಾದ ಉಪಾಯಗಳು. ಪಾವಟಿಗೆಯ ಬಾವಿಗಳನ್ನು ಮುಚ್ಚಿ ಸೇದುಬಾವಿಗಳನ್ನಾಗಿ ಮಾಡುವುದು, ಕೊಳವೆ ಬಾವಿಗಳನ್ನು ತೋಡಿ ಕೈಪಂಪುಗಳನ್ನು ಹಾಕುವುದು, ನೀರಿನ ಹುಳುಗಳನ್ನು ಕೊಲ್ಲುವ ಔಷಧವನ್ನು ಬಾವಿಗಳಿಗೆ ಹಾಕುವುದು, ಹುಣ್ಣಾದವರನ್ನು ನೀರಿಗೆ ಇಳಿಯದಂತೆ ತಡೆಯುವುದು. ಇವೆಲ್ಲಕ್ಕಿಂತ ಸುಲಭವಾದುದು, ಕುಡಿಯುವ ನೀರನ್ನು ಸಣ್ಣ ನೆಯ್ಗೆಯ ಬಟ್ಟೆಯಿಂದ ಶೋಧಿಸುವುದು. ಆರೋಗ್ಯ ಇಲಾಖೆಯ ಕೆಲಸಗಾರರು ಹಳ್ಳಿಹಳ್ಳಿಗೂ ಹೋಗಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ ತೋರಿಸಿ, ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಹುಳುಗಳು ಚಲಿಸುವುದನ್ನು ಕಣ್ಣಾರೆ ಕಾಣಿಸಿದರು. ಕಂಡ ತಾಯಂದಿರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಎಂಟುನೂರು ವರ್ಷಗಳಿಂದ ಪೂಜೆಯ ಕೋಣೆಯಲ್ಲಿದ್ದ ಪಾವುಡವು ಅಡಿಗೆಯ ಮನೆಗೆ ಬಂದುದು ಹೀಗೆ. ದೇಶದ ಕೊನೆಯ ರೋಗಿಯು ೧೯೯೬ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಸೀಮೆಯಲ್ಲಿ ಕಂಡುಬಂದನು; ೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಘೋಷಿಸಿತು. ಚುಚ್ಚುಮದ್ದಾಗಲಿ ಗುಳಿಗೆಯಾಗಲಿ ಇಲ್ಲದೆಯೇ ಒಂದು ರೋಗವು ನಾಡನ್ನು ಬಿಟ್ಟುಹೋದ ಇಂಥ ಉದಾಹರಣೆಗಳು ಚರಿತ್ರೆಯಲ್ಲಿ ವಿರಳವಾಗಿವೆ.

ಆದರೆ ಬಟ್ಟೆಯಿಂದ ಸೋಸಿದ ನೀರು ಸರ್ವಥಾ ನಿರ್ದೋಷವೆಂದು ಯಾರೂ ತಿಳಿಯಬಾರದು. ವಾಂತಿಭೇದಿಯ ಕ್ರಿಮಿಯು ಎಂಥ ಬಟ್ಟೆಯನ್ನಾದರೂ ದಾಟಿಹೋಗುವಷ್ಟು ಸೂಕ್ಷ್ಮವಾದುದು. ಜರ್ಮನಿಯ ಕಾಖ್ ಎಂಬ ಪಂಡಿತನು ೧೮೮೪ರಲ್ಲಿ ಆ ಕ್ರಿಮಿಯನ್ನು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಂಡನು. ರೋಗಿಗಳ ಬಟ್ಟೆಯನ್ನು ಒಗೆದ ಕೆರೆಯ ನೀರನ್ನೇ ಅಲ್ಲಿಯ ಜನರು ಕುಡಿಯುತ್ತಿದ್ದರು. ಇಂಥ ಕ್ರಿಮಿಗಳಿಗೆ ನೀರನ್ನು ಕುದಿಸಿ ಆರಿಸಿ ಕುಡಿಯುವುದು ಮನೆಮನೆಗೂ ಸಾಧ್ಯವಾದ ನಂಬುಗೆಯ ಉಪಾಯವು. ಜಾತ್ರೆ, ದಾಸೋಹಗಳಲ್ಲಿ ಸಾವಿರಾರು ಮಂದಿ ಒಂದೇ ತೊಟ್ಟಿಯ ನೀರನ್ನು ಕುಡಿಯುವಲ್ಲಿ ಈ ಎಚ್ಚರಿಕೆಯು ಇಮ್ಮಡಿಯಾಗಿ ಬೇಕು.

ನೀರಿನ ಚರಿತ್ರೆಯಲ್ಲಿ ಭಕ್ತರು ಮರೆಮಾಚಬಾರದ ಇನ್ನೊಂದು ಪ್ರಕರಣವಿದೆ. ಕುಲಭೇದವನ್ನು ಅಲ್ಲಗಳೆದ ಶರಣರ ನಾಡಿನಲ್ಲಿಯೇ, ಊರಿನ ಕೆರೆ ಬಾವಿಗಳು ಊರಿನವರೆಲ್ಲರಿಗೂ ಸೇರಿದುವಾಗಿರಲಿಲ್ಲ. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಸ್ತುತಿಸಿದ ಜನರೇ ಅವನ ಕುಲದವರನ್ನು ಬಾವಿಯ ಕಟ್ಟೆಯ ಬಳಿಗೆ ಬರಗೊಡಲಿಲ್ಲ. ಅವರು ತಗ್ಗಿನ ಹಳ್ಳದ ನೀರನ್ನೋ, ಮೇಲೆ ನಿಂತವರು ದೂರದಿಂದ ಹೊಯ್ದ ನೀರನ್ನೋ ಕುಡಿಯಬೇಕಾಗಿದ್ದಿತು. ಕೆಟ್ಟ ನೀರಿನ ರೋಗಗಳು ಮೊದಲು ಅವರ ಕೇರಿಗಳಿಗೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಆಗ ಸೇರಿದ್ದ ಮುಂಬಯಿ ಆಧಿಪತ್ಯದ ಶಾಸನಸಭೆಯಲ್ಲಿ ೧೯೨೩ರ ಆಗಸ್ಟ್ ತಿಂಗಳಲ್ಲಿ ಬೋಳೆಯವರ ಠರಾವು ಅಂಗೀಕೃತವಾಗಿ, ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರೆನಿಸಿದವರಿಗೂ ತೆರೆಯತಕ್ಕದ್ದೆಂದಾಯಿತು. ಠರಾವು ಕಾಗದದಲ್ಲಿಯೇ ಉಳಿದುದನ್ನು ಕಂಡು ಡಾಕ್ಟರ್ ಅಂಬೇಡ್ಕರರು ೧೯೨೭ನೆಯ ಮಾರ್ಚಿ ೨೦ನೆಯ ತಾರೀಖು ಕೊಂಕಣ ಸೀಮೆಯ ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಆ ಬೊಗಸೆ ನೀರಿನ ವ್ಯಾಜ್ಯವು ಹತ್ತು ವರ್ಷ ನಡೆದು ೧೯೩೭ರಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ಅವರ ಪಕ್ಷಕ್ಕೆ ತೀರ್ಮಾನವಾಯಿತು. ೧೯೫೦ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಈ ಭೇದವನ್ನು ನಿಷೇಧಿಸಿತು. ಹನ್ನೆರಡನೆಯ ಶತಮಾನದ ಶರಣರು ಮಾಡಿ ತೋರಿಸಿದುದನ್ನು ಇಪ್ಪತ್ತನೆಯ ಶತಮಾನದಲ್ಲಿ ಕಾನೂನು ಮಾಡಬೇಕಾಯಿತೆಂಬುದು ಶರಣರ ಅನುಯಾಯಿಗಳಿಗೆ ಹೆಮ್ಮೆಯ ವಿಷಯವಾಗಲಾರದು.

ಈಚಿನ ನಾಲ್ವತ್ತು ವರ್ಷಗಳಲ್ಲಿ ಕೊಳವೆ ಬಾವಿಯು ನಾಡಿನ ನೀರಿನ ನಡಾವಳಿಯನ್ನೇ ಮಾರ್ಪಡಿಸಿತು. ನಾರುಹುಣ್ಣನ್ನು ಓಡಿಸಲು ನೆರವಾದ ಆ ಬಾವಿಯೇ ಮಿತಿಯಿಲ್ಲದೆ ತೋಡಲ್ಪಟ್ಟು ಅಂತರ್ಜಲವು ನೂರಾರು ಅಡಿಗಳ ಕೆಳಗೆ ಇಳಿಯಿತು. ಕೋಲಾರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಮೊದಲಾದ ಕಡೆಗಳಲ್ಲಿ ಬಂಡೆಗಳ ಆಳದ ನೀರಿನೊಡನೆ ಫ್ಲೋರೈಡ್ ಎಂಬ ಲವಣವೂ ಮೇಲೆ ಬಂದಿತು. ಒಂದು ಲೀಟರು ನೀರಿನಲ್ಲಿ ಅದು ಒಂದೂವರೆ ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗುವುವು; ಇನ್ನೂ ಹೆಚ್ಚಾಗಿ ಬಹುಕಾಲ ಕುಡಿದರೆ ಮೂಳೆಗಳು ಬಾಗಿ ನಡೆಯುವುದೇ ಕಷ್ಟವಾಗುವುದು. ಇದನ್ನು ಬಟ್ಟೆಯೂ ತಡೆಯದು, ಕುದಿಸಿದರೆ ನೀರು ಆವಿಯಾಗಿ ಲವಣವು ಇನ್ನಷ್ಟು ಗಟ್ಟಿಯಾಗುವುದು. ಪರೀಕ್ಷೆ ಮಾಡಿಸದೆ ಅದರ ಇರವು ನಾಲಗೆಗೆ ತಿಳಿಯುವುದೂ ಇಲ್ಲ. ಕೆರೆಯು ತುಂಬಿದ್ದ ಕಾಲದಲ್ಲಿ ಮಳೆಯ ನೀರು ನೆಲಕ್ಕೆ ಇಂಗಿ ಮೇಲುಪದರದ ಬಾವಿಗಳಿಗೆ ಬರುತ್ತಿದ್ದಿತು. ಆ ಬಾವಿಗಳು ಬತ್ತಿದುದರಿಂದಲೇ ಜನರು ಬಂಡೆಯನ್ನು ಕೊರೆಯಹೋದರು. ಹೀಗೆ ಹೂಳು ತುಂಬಿದ ಕೆರೆಗೂ ಮಗುವಿನ ಹಲ್ಲಿನ ಕಲೆಗೂ ಕಾರಣಕಾರ್ಯಗಳ ಸಂಬಂಧವು ಉಂಟಾಗಿರುವುದು.

ಈ ಸಂಬಂಧವನ್ನು ತಡವಾಗಿಯಾದರೂ ಕಂಡುಕೊಂಡ ಮೇಲೆ ಕೆರೆಗಳ ಕಡೆಗೆ ಮತ್ತೆ ದೃಷ್ಟಿಯು ಹರಿಯಿತು. ೨೦೦೦ದಲ್ಲಿ ಜಲಸಂವರ್ಧನೆ ಯೋಜನಾ ಸಂಘವು ಸ್ಥಾಪಿತವಾಗಿ, ಕೆರೆಯ ಬಳಕೆದಾರರನ್ನೇ ಸಂಘಗಳಾಗಿ ಕೂಡಿಸಿ ಹೂಳು ತೆಗೆಯುವ ಕಾರ್ಯಕ್ಕೆ ತೊಡಗಿತು. ಅಂತರ್ಜಲದ ಬಳಕೆಗೆ ೨೦೧೧ರಲ್ಲಿಯೂ, ಕೆರೆಗಳ ಸಂರಕ್ಷಣೆಗೆ ೨೦೧೪ರಲ್ಲಿಯೂ ರಾಜ್ಯದಲ್ಲಿ ಕಾಯಿದೆಗಳಾದುವು. ರಾಜ್ಯದಲ್ಲಿ ಸುಮಾರು ೩೬,೦೦೦ ಕೆರೆಗಳಿವೆಯೆಂದು ಲೆಕ್ಕ. ಅವುಗಳಲ್ಲಿ ಅನೇಕ ಕೆರೆಗಳ ಅಂಗಳವು ಒತ್ತುವರಿಯಾಗಿ, ನೀರು ಬರುವ ರಾಜಕಾಲುವೆಗಳು ಹೊಲಗಳಲ್ಲಿಯೂ ಮನೆಗಳ ಅಡಿಯಲ್ಲಿಯೂ ಅಡಗಿಹೋಗಿವೆ. ಅಳತೆಗೆ ಬಂದ ಅಧಿಕಾರಿಗಳು ನಕ್ಷೆಯನ್ನು ಹಿಡಿದು ಏರಿಯ ಮೇಲೆ ನಿಂತಾಗ, ಯಾವ ಹುಣಿಸೆಯ ಮರದ ಬುಡದಲ್ಲಿ ಗಡಿಕಲ್ಲಿದ್ದಿತು, ಯಾವ ಓಣಿಯಿಂದ ನೀರು ಕೆರೆಗೆ ಇಳಿಯುತ್ತಿದ್ದಿತು ಎಂಬುದನ್ನು ಬೆರಳಿಟ್ಟು ತೋರಿಸಬಲ್ಲ ವೃದ್ಧರು ಕೆಲವು ಊರುಗಳಲ್ಲಿ ಇನ್ನೂ ಇರುವರು.